ಎಡಕ್ಕೆ ಒರಗಿದ ಅಂಕಿ

"ಒಂದು ಸಹಿ ಹಾಕೋಕೆ ಇಷ್ಟು ಹೊತ್ತು ಬೇಕೇನಮ್ಮಾ? ನಿನ್ನ ಹೆಸರಿಗೇನು ಬಾಲ ಇದೆಯಾ?"

ಔಷಧಿ ಅಂಗಡಿಯವರು ಹೀಗೆಂದು ಮೇಜಿನ ಮೇಲಿದ್ದ ಕಾಗದವನ್ನು ಎರಡು ಬೆರಳಿನಿಂದ ಇನ್ನಷ್ಟು ಮುಂದಕ್ಕೆ ತಳ್ಳಿದರು. ಮೇಷ್ಟ್ರ ಸೊಸೆ ಪೆನ್ನಿನ ಮುಚ್ಚಳ ತೆಗೆದಳು. ಗೋಡೆಯ ಗಡಿಯಾರದಲ್ಲಿ ನಾಲ್ಕು ಗಂಟೆಗೆ ಇನ್ನು ಹದಿನೈದೇ ನಿಮಿಷ.

ಆಗ ನಾನು ಬಾಗಿಲು ತಳ್ಳಿಕೊಂಡು ಒಳಗೆ ಬಂದೆ. ಮೂರು ಮಹಡಿಯನ್ನು ನಾಲ್ಕೇ ಹೆಜ್ಜೆಯಲ್ಲಿ ಹತ್ತಿದ್ದೆ. ನಂಬಿಕೆ ಬಾರದವರು ಆ ಮೆಟ್ಟಿಲುಗಳನ್ನೇ ಕೇಳಬಹುದು, ಇನ್ನೂ ನಡುಗುತ್ತಿರಬೇಕು.

"ನಿಲ್ಲಿಸಿ!" ಎಂದೆ. ನನ್ನ ದನಿಗೆ ಎದುರು ಮಹಡಿಯ ಪಾರಿವಾಳಗಳೆಲ್ಲ ಒಟ್ಟಿಗೆ ಹಾರಿದವು. ಒಂದೆರಡು ಇವತ್ತಿಗೂ ವಾಪಸ್ ಬಂದಿಲ್ಲವೆಂದು ಕೇಳಿದ್ದೇನೆ.

"ಬಂದ್ರಪ್ಪಾ ಭೂತಗನ್ನಡಿ!" ಔಷಧಿ ಅಂಗಡಿಯವರು ಕುರ್ಚಿಗೆ ಒರಗಿದರು. "ಏನು, ಹೋದ ತಿಂಗಳು ಕರೆಂಟ್ ಹೋಗಿ ಅರ್ಧಕ್ಕೆ ನಿಂತಿತ್ತಲ್ಲ, ಆ ಕಥೆ ಮುಗಿಸೋಕೆ ಬಂದ್ರಾ?"

"ಕಥೆ ಎಲ್ಲೂ ಓಡಿಹೋಗಲ್ಲ. ಮೊದಲು ಆ ಪೆನ್ನು ಕೆಳಗಿಡಲಿ."

ಮೂವತ್ತನಾಲ್ಕು ವರ್ಷ ನಾನು ಮುದ್ರಣಾಲಯದಲ್ಲಿ ಕರಡು ತಿದ್ದಿದವನು. ನಾನು ಒಮ್ಮೆ ಕಣ್ಣು ಹಾಯಿಸಿದರೆ ಸಾವಿರ ಪುಟದ ನಿಘಂಟಿನಲ್ಲಿ ಅಡಗಿದ್ದ ತಪ್ಪು ತಾನಾಗಿಯೇ ಎದ್ದು ಬಂದು ಕೈ ಮುಗಿಯುತ್ತಿತ್ತು. ಭೂತಗನ್ನಡಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ನಿವೃತ್ತಿಯಾದ ಮೇಲೆ ನಾನು ಪತ್ತೆ ಹಚ್ಚಿದ ಪ್ರಕರಣಗಳು ನೂರ ಹನ್ನೆರಡು. ನನ್ನ ಹೆಂಡತಿಯ ಲೆಕ್ಕದಲ್ಲಿ ಮೂರು, ಅದರಲ್ಲೂ ಒಂದು ನಮ್ಮನೆಯ ಬೀಗದ ಕೈ.

ಸೊಸೆ ಪೆನ್ನನ್ನು ಕೆಳಗಿಡಲಿಲ್ಲ. ಕಾಗದಕ್ಕೆ ತಾಗಿಸಲೂ ಇಲ್ಲ.

ಕಾಗದದಲ್ಲಿ ಇದ್ದದ್ದು ಮೂರೇ ಸಾಲು. ಗುರುವಾರ ಹಾಳೆಯಲ್ಲಿ ಕೈಯಾಡಿಸಿ ನಷ್ಟ ಮಾಡಿಸಿದವಳು ನಾನೇ, ಎಂದು. ನಾಲ್ಕು ಗಂಟೆಯೊಳಗೆ ಸಹಿ ಬೀಳದಿದ್ದರೆ ಔಷಧಿ ಅಂಗಡಿಯವರು ನೇರ ಪೊಲೀಸ್ ಠಾಣೆಗೆ. ಸಹಿ ಬಿದ್ದರೆ ಠಾಣೆ ತಪ್ಪುತ್ತದೆ. ಆದರೆ ಅದರ ಒಂದು ಪ್ರತಿ ಲೆಕ್ಕ ಪರಿಶೋಧಕರ ಕಚೇರಿಗೆ ಹೋಗುತ್ತದೆ. ಸೋಮವಾರ ಬೆಳಿಗ್ಗೆ ಸೊಸೆ ಹೊಸದಾಗಿ ಕೆಲಸಕ್ಕೆ ಸೇರಬೇಕಾಗಿದ್ದದ್ದು ಅಲ್ಲಿಗೇ. ಅಂಕಿ ತಿರುಚಿದೆ ಎಂದು ಬರೆದುಕೊಟ್ಟವಳನ್ನು ಅಂಥ ಕಚೇರಿಯಲ್ಲಿ ಬಾಗಿಲು ಕಾಯಲೂ ಇಟ್ಟುಕೊಳ್ಳುವುದಿಲ್ಲ.

"ನಾನು ಹಾಕ್ತೀನಿ ಬಿಡಿ," ಎಂದಳು ಅವಳು, ನನ್ನ ಕಡೆ ನೋಡದೆ. "ಕೆಲಸ ಹೋದ್ರೆ ಇನ್ನೊಂದು. ಮಾವನ ಬಾಗಿಲಿಗೆ ಪೊಲೀಸರು ಬರೋದು ಬೇಡ."

ಅವಳ ಮಾವ, ಅಂದರೆ ನಮ್ಮ ಮೇಷ್ಟ್ರು, ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕುಳಿತಿದ್ದರು. ನಿವೃತ್ತ ಗಣಿತದ ಮೇಷ್ಟ್ರು. ನನ್ನ ದನಿ ಕೇಳಿ ಮುಖ ತಿರುಗಿಸಿದರು. ಮೇಜಿನ ಮೇಲೆ ಬೆರಳಿನಿಂದ ತಡವುತ್ತ ಹೋಗಿ ನೀರಿನ ಲೋಟವನ್ನು ಮುಟ್ಟಿ ಹಿಡಿದರು. ನನ್ನ ಕಣ್ಣು ಅದನ್ನು ಬರೆದಿಟ್ಟುಕೊಂಡಿತು. ನನ್ನ ಕಣ್ಣಿನಿಂದ ಏನೂ ತಪ್ಪಿಸಿಕೊಳ್ಳುವುದಿಲ್ಲ ಎಂದು ಆಗ ನಂಬಿದ್ದೆ. ಆ ನಂಬಿಕೆಯ ಆಯಸ್ಸು ಇನ್ನು ಹದಿನೈದು ನಿಮಿಷವಿತ್ತು.

ಮೇಷ್ಟ್ರ ಆ ಮುಂಗೋಣೆಯೇ ಅವರ ಷೇರುಪೇಟೆ. ಒಂದು ಕಂಪ್ಯೂಟರು, ನಾಲ್ಕು ಕುರ್ಚಿ, ಗೋಡೆಯ ಮೇಲೆ ಅವರದೇ ದುಂಡಕ್ಷರದ ಒಂದು ಪಟ್ಟಿ: ‘ಹಾಳೆಯ ಮಾತು ಕೇಳು, ಹೊಟ್ಟೆಯ ಮಾತು ಕೇಳಬೇಡ.’

ಹಾಳೆ ಎಂದರೆ ಅವರು ಎರಡು ವರ್ಷ ಕುಳಿತು ಕಟ್ಟಿದ ಸ್ಪ್ರೆಡ್‌ಶೀಟು. ಬೆಳಿಗ್ಗೆ ಹಿಡಿದ ಷೇರನ್ನು ಸಂಜೆಯೊಳಗೆ ಕೈಬಿಡುವ ವ್ಯಾಪಾರಕ್ಕೆ ಅದೇ ಗುರು. ಪೇಟೆ ತೆರೆದ ಮೊದಲ ಹದಿನೈದು ನಿಮಿಷ ಯಾರೂ ಏನೂ ಮಾಡುವಂತಿಲ್ಲ. ಅಷ್ಟರಲ್ಲಿ ಬೆಲೆ ಮುಟ್ಟಿದ ಅತಿ ಮೇಲಿನ ಅಂಕಿಯನ್ನು ಮೇಷ್ಟ್ರು ಬಾಗಿಲು ಹಾಕಿಕೊಂಡು ಒಂದು ಚೌಕದಲ್ಲಿ ತುಂಬುತ್ತಾರೆ. ಆ ಚೌಕಕ್ಕೆ ‘ಗೆರೆ’ ಎಂದು ಹೆಸರು. ಬಾಗಿಲು ತೆರೆದ ಮೇಲೆ ಸೊಸೆ ಬಂದು ಕೂರುತ್ತಾಳೆ, ಐದು ನಿಮಿಷಕ್ಕೊಮ್ಮೆ ಆಗಿನ ಬೆಲೆಯನ್ನು ಪಕ್ಕದ ಚೌಕದಲ್ಲಿ ತುಂಬುತ್ತಾಳೆ. ಉಳಿದದ್ದು ಹಾಳೆಯ ಕೆಲಸ.

ಗುರುವಾರ ಒಂದು ಸಿಮೆಂಟ್ ಕಂಪನಿಯ ಷೇರು ಇಳಿಯುತ್ತದೆ ಎಂದಿತ್ತು ಹಾಳೆ. ಕೈಯಲ್ಲಿಲ್ಲದ ಷೇರನ್ನು ಇವರು ಮೊದಲು ಮಾರಿದ್ದರು. ಸಂಜೆಯೊಳಗೆ ಅಗ್ಗಕ್ಕೆ ಕೊಂಡು ತುಂಬಿಕೊಡುವ ಲೆಕ್ಕ. ಅಕಸ್ಮಾತ್ ಬೆಲೆ ಗೆರೆ ದಾಟಿ ಮೇಲೆ ಹೋದರೆ ‘ಎದ್ದು ಬಾ’ ಎಂಬ ಚೌಕ ಕೆಂಪಾಗುತ್ತದೆ, ಕೂಡಲೇ ಸಣ್ಣ ನಷ್ಟಕ್ಕೆ ಕೊಂಡು ಮುಗಿಸಬೇಕು.

ಹನ್ನೊಂದೂಕಾಲಕ್ಕೆ ಬೆಲೆ ಗೆರೆ ದಾಟಿತು. ಚೌಕ ಕೆಂಪಾಗಲಿಲ್ಲ.

"ಮಾವ, ಬೆಲೆ ಮೇಲೆ ಹೋಗ್ತಿದೆ."

"ಚೌಕ ಏನು ಬಣ್ಣ?"

"ಬಿಳಿ."

"ಹಾಗಿದ್ರೆ ಕೂತ್ಕೋ."

ಇದೇ ಮಾತು ಅವತ್ತು ಆರು ಸಲ ನಡೆಯಿತು. ಪೇಟೆ ಮುಚ್ಚುವ ಹೊತ್ತಿಗೆ ಔಷಧಿ ಅಂಗಡಿಯವರು ಎರಡನೇ ಅಂಗಡಿ ತೆರೆಯಲೆಂದು ಕೂಡಿಟ್ಟು ಇಲ್ಲಿ ಹಾಕಿದ್ದ ಹಣದಲ್ಲಿ ಮುಕ್ಕಾಲು ಪಾಲು ಆವಿಯಾಗಿತ್ತು. ಚೌಕ ಮಾತ್ರ ಹಾಲಿನಷ್ಟು ಬಿಳಿ.

ಮನುಷ್ಯ ಕಣ್ಣೆದುರು ಬೆಂಕಿ ಉರಿಯುತ್ತಿದ್ದರೂ ಗಂಟೆ ಬಾರಿಸಲಿಲ್ಲವೆಂದು ಕುಳಿತಿರುತ್ತಾನಲ್ಲ ಎಂದು ನಾನು ಎರಡು ದಿನ ಯೋಚಿಸಿದ್ದೇನೆ. ನಗಬೇಡಿ. ಅಚ್ಚಾದದ್ದೆಲ್ಲ ನಿಜವೆಂದು ನಂಬಿದವರನ್ನು ನಾನು ಮೂವತ್ತನಾಲ್ಕು ವರ್ಷ ನೋಡಿದ್ದೇನೆ. ಅಚ್ಚಾಗುವ ಮುಂಚೆ ಅದು ಹೇಗಿತ್ತೆಂಬುದು ನನಗೊಬ್ಬನಿಗೇ ಗೊತ್ತಿರುತ್ತಿತ್ತು.

"ಮೇಷ್ಟ್ರು ಬೆಳಿಗ್ಗೆ ಗೆರೆ ತುಂಬಿದ್ರು," ಔಷಧಿ ಅಂಗಡಿಯವರು ಬೆರಳು ಮಡಿಸಿದರು. "ಮೇಷ್ಟ್ರು ಅಂಕಿ ತಪ್ಪೋದಿಲ್ಲ. ಅವರಾದ್ಮೇಲೆ ಆ ಕುರ್ಚೀಲಿ ಕೂತೋಳು ಇವಳೊಬ್ಬಳೇ. ಇನ್ನು ಪತ್ತೆ ಮಾಡೋಕೆ ಏನಿದೆ ಸ್ವಾಮೀ?"

"ಎಲ್ಲಾ ಇದೆ." ನಾನು ಜೇಬಿನಿಂದ ಗುರುವಾರದ ಹಾಳೆಯ ಮುದ್ರಿತ ಪ್ರತಿ ತೆಗೆದೆ. "ಇದನ್ನ ಎರಡು ದಿನ ತಲೆಕೆಳಗಾಗಿಟ್ಟು ಓದಿದೆ."

"ತಲೆ ಕೆಳಗಾಗಿದ್ದು ಹಾಳೇದೋ, ನಿಮ್ಮದೋ?"

ಇದು ನಮ್ಮ ಕಸುಬಿನ ಹಳೇ ಉಪಾಯ. ನೇರವಾಗಿಟ್ಟರೆ ಮನಸ್ಸು ಅರ್ಥ ಓದುತ್ತದೆ, ತಪ್ಪನ್ನೂ ಸರಿ ಮಾಡಿಕೊಂಡೇ ಓದುತ್ತದೆ. ತಲೆಕೆಳಗಾಗಿಟ್ಟರೆ ಅರ್ಥ ಓಡಿಹೋಗಿ ಬರೀ ಆಕಾರ ಉಳಿಯುತ್ತದೆ. ಆಕಾರಕ್ಕೆ ಸುಳ್ಳು ಹೇಳಲು ಬರುವುದಿಲ್ಲ.

"ಇಲ್ಲಿ ಬನ್ನಿ," ಎಂದು ಕಂಪ್ಯೂಟರಿನಲ್ಲಿ ಗುರುವಾರದ ಹಾಳೆ ತೆರೆಸಿದೆ. "ಈ ಸಾಲಲ್ಲಿ ನಲವತ್ತು ಅಂಕಿ ಇವೆ. ಎಲ್ಲಾ ತಮ್ಮ ಚೌಕದ ಬಲಗೋಡೆಗೆ ಒರಗಿವೆ. ಗೆರೆಯ ಅಂಕಿ ಒಂದೇ ಎಡಗೋಡೆಗೆ ಒರಗಿದೆ. ಯಾಕೆ?"

ಮೇಷ್ಟ್ರ ಮಗ, ಅಂದರೆ ಸೊಸೆಯ ಗಂಡ, ಇಷ್ಟು ಹೊತ್ತೂ ಬಾಗಿಲಿಗೆ ಒರಗಿ ನಿಂತಿದ್ದವನು ಹತ್ತಿರ ಬಂದ. ಲಿಫ್ಟ್ ರಿಪೇರಿಯವನು. ಬೆರಳಿನ ಸಂದಿಯಲ್ಲಿ ಯಾವಾಗಲೂ ಗ್ರೀಸು.

"ಇದರಲ್ಲಿ ಅಂಕಿ ಬಲಕ್ಕೆ ನಿಲ್ಲುತ್ತೆ, ಅಕ್ಷರ ಎಡಕ್ಕೆ ನಿಲ್ಲುತ್ತೆ," ಎಂದೆ. "ಅಂದ್ರೆ ಗೆರೆಯಲ್ಲಿರೋದು ಅಂಕಿ ಅಲ್ಲ. ಅಂಕಿಯ ವೇಷ ಹಾಕಿರೋ ಅಕ್ಷರ. ಅದರ ಮೊದಲಲ್ಲಿರೋ ಒಂದನ್ನ ನೋಡಿ. ಉಳಿದ ಒಂದುಗಳಿಗೆಲ್ಲ ತಲೆ ಮೇಲೆ ಸಣ್ಣ ಕೊಕ್ಕಿದೆ. ಇದು ಬೋಳು ಕಡ್ಡಿ. ಇದು ಒಂದಲ್ಲ. ಇಂಗ್ಲಿಷಿನ ಸಣ್ಣ ಎಲ್."

"ಅದರಿಂದೇನಾಯ್ತು?"

"ಹಾಳೆ ಆಗಿನ ಬೆಲೆಯನ್ನ ಗೆರೆ ಜೊತೆ ಹೋಲಿಸುತ್ತೆ ತಾನೆ? ಒಂದು ಕಡೆ ಅಂಕಿ, ಇನ್ನೊಂದು ಕಡೆ ಅಕ್ಷರ ಸಿಕ್ಕಿದ್ರೆ, ಅದರ ಕಣ್ಣಿಗೆ ಯಾವಾಗ್ಲೂ ಅಕ್ಷರವೇ ದೊಡ್ಡದು. ಬೆಲೆ ಆಕಾಶಕ್ಕೆ ಹೋದ್ರೂ ಗೆರೆ ದಾಟಲ್ಲ. ಚೌಕ ಕೆಂಪಾಗಲ್ಲ."

ಯಾವ ಅಂಕಿಗಿಂತಲೂ ಅಕ್ಷರ ದೊಡ್ಡದು! ಜೀವಮಾನವೆಲ್ಲ ಅಕ್ಷರ ಕಾಯ್ದ ನನಗೆ ಈ ಸುದ್ದಿ ತಿಳಿದಾಗ ಕುಣಿಯುವಷ್ಟು ಸಂತೋಷವಾಗಿತ್ತು. ಆ ಸಂತೋಷಕ್ಕೆ ಈ ಹುಡುಗಿ ಬೆಲೆ ತೆರಬೇಕಾಗಿ ಬಂದದ್ದು ನೆನಪಾಗಿ ಕಾಲು ನಿಂತಿತು.

"ಸರಿ," ಔಷಧಿ ಅಂಗಡಿಯವರು ಬಿಡಲಿಲ್ಲ. "ಆ ಎಲ್ ಅನ್ನ ಇವಳೇ ಒತ್ತಿದ್ದಾಳೆ."

"ಒಂದು ಒತ್ತಮ್ಮಾ," ಎಂದೆ ಸೊಸೆಗೆ.

ಅವಳ ಬೆರಳು ಯೋಚಿಸದೆ ಮೇಲಿನ ಸಾಲಿನ ಅಂಕಿಗೆ ಹೋಯಿತು. ಅವಳ ಕಾಲದವರಿಗೆ ಬೇರೆ ದಾರಿಯೇ ಗೊತ್ತಿಲ್ಲ.

"ಈಗ ನೀವು ಬನ್ನಿ, ಟೈಪಿಸ್ಟಮ್ಮನವರೇ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರ ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡರು. ಇಪ್ಪತ್ತೊಂಬತ್ತು ವರ್ಷ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವರು. ಅವರ ಒಂದು ಪುಟವೂ ತಪ್ಪೆಂದು ವಾಪಸ್ ಬಂದದ್ದಿಲ್ಲ ಎಂಬುದು ಆ ಬೀದಿಗೆಲ್ಲ ಗೊತ್ತು, ಅವರೇ ಹೇಳಿದ್ದರಿಂದ. ಜಂಬ ಕೊಚ್ಚಿಕೊಳ್ಳುವವರನ್ನು ಕಂಡರೆ ನನಗಾಗದು.

"ನಾನ್ಯಾಕೆ?" ಎಂದರು.

"ಸಾವಿರದ ಎಂಬತ್ತನಾಲ್ಕೂವರೆ. ಗುರುವಾರದ ಅದೇ ಗೆರೆ. ಇಲ್ಲಿ ಕೆಳಗಿನ ಖಾಲಿ ಚೌಕದಲ್ಲಿ ಒತ್ತಿ. ಕಣ್ಣು ಮುಚ್ಚಿಕೊಂಡು."

ಅವರು ಕುಳಿತರು. ಬೆನ್ನು ನೆಟ್ಟಗಾಯಿತು, ಹತ್ತು ಬೆರಳೂ ತಮ್ಮ ತಮ್ಮ ಜಾಗಕ್ಕೆ ತಾವೇ ಹೋಗಿ ಕುಳಿತವು. ಮರುಕ್ಷಣ ಬಲಗೈಯ ಉಂಗುರ ಬೆರಳು ಇದ್ದಲ್ಲೇ ಒಮ್ಮೆ ತಟ್ಟಿತು, ಮೇಲಕ್ಕೆ ಜಿಗಿಯಿತು, ಉಳಿದ ಬೆರಳುಗಳು ಓಡಿದವು. ಅರ್ಧ ಉಸಿರಿನಲ್ಲಿ ಮುಗಿಯಿತು.

ಅಂಕಿ ಸರಿದು ಎಡಗೋಡೆಗೆ ಒರಗಿ ನಿಂತಿತು.

"ಹಳೇ ಟೈಪ್ ಮಷೀನುಗಳಲ್ಲಿ ಒಂದಕ್ಕೆ ಕೀಲಿಯೇ ಇರಲಿಲ್ಲ," ಎಂದೆ, ಇಡೀ ಬೀದಿಗೆ ಕೇಳುವಂತೆ. "ಒಂದು ಬೇಕಾದಾಗ ಎಲ್ ಒತ್ತುತ್ತಿದ್ರು. ಕಾಗದದ ಮೇಲೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಕಾಗದ ಸುಮ್ಮನಿರುತ್ತೆ, ಹಾಳೆ ಸುಮ್ಮನಿರಲ್ಲ. ಅಮ್ಮಾ, ಬಾಗಿಲು ಹಾಕ್ಕೊಂಡು ಬೆಳಿಗ್ಗೆ ಗೆರೆ ತುಂಬೋರು ಮೇಷ್ಟ್ರಲ್ಲ. ನೀವು."

ಟೈಪಿಸ್ಟಮ್ಮ ತೆರೆಯ ಮೇಲಿನ ಅಂಕಿಯನ್ನೇ ನೋಡುತ್ತಿದ್ದರು. ಮುಖದಲ್ಲಿದ್ದದ್ದು ಭಯವಲ್ಲ. ಇಪ್ಪತ್ತೊಂಬತ್ತು ವರ್ಷದ ಮೇಲೆ ಮೊದಲ ಪುಟ ವಾಪಸ್ ಬಂದಿತ್ತು.

"ಇವರಿಗೆ ಕಣ್ಣು ಕಾಣಲ್ಲ," ಎಂದರು ಮೆಲ್ಲಗೆ. "ಐದು ತಿಂಗಳಾಯ್ತು. ಹತ್ತಿರದ್ದು ಮಂಜು, ದೂರದ್ದು ಅದೂ ಇಲ್ಲ. ಅಂಕಿ ಫೋನು ಓದಿ ಹೇಳುತ್ತೆ, ಇವರು ನನಗೆ ಹೇಳ್ತಾರೆ, ನಾನು ಒತ್ತುತೀನಿ."

"ಅಮ್ಮಾ!" ಮಗ ಬಾಯಿಬಿಟ್ಟ. "ನಂಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಏನು ಮಾಡ್ತಿದ್ದೆ? ಈ ಕಂಪ್ಯೂಟರು ಮಾರಿಬಿಡಿ ಅಂತಿದ್ದೆ. ವರ್ಷದಿಂದ ಅದೇ ತಾನೇ ಹೇಳ್ತಿರೋದು ನೀನು?"

ಔಷಧಿ ಅಂಗಡಿಯವರು ಎದ್ದು ನಿಂತರು. ಕಿವಿ ಕೆಂಪಾಗಿತ್ತು. ಚೌಕ ಆಗದಿದ್ದರೂ ಇವರಾದರೂ ಆದರು. "ಅಂದ್ರೆ ಐದು ತಿಂಗಳಿಂದ ನನ್ನ ದುಡ್ಡು ಕಣ್ಣು ಕಾಣದೋರ ಕೈಲಿತ್ತಾ? ಮೇಷ್ಟ್ರೇ, ನಾನು ನಿಮ್ಮ ಹತ್ತಿರ ಪಾಠ ಕಲಿತೋನು. ನನಗೂ ಹೇಳಬಾರದಿತ್ತಾ?"

ಮೇಷ್ಟ್ರು ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಿದ್ದರು. "ಹೇಳಿದ್ರೆ ನೀನು ಇರ್ತಿರಲಿಲ್ಲ," ಎಂದರು, ಅಷ್ಟೇ.

ನಾನು ಜೇಬಿನಲ್ಲಿ ಕೈಯಿಟ್ಟು ನಿಂತೆ. ಪ್ರಕರಣ ಮುಗಿದಿತ್ತು. ಕೈತಪ್ಪು, ಅಭ್ಯಾಸಬಲ, ಅಪರಾಧಿ ಯಾರೂ ಇಲ್ಲ, ಸೊಸೆ ಬಿಡುಗಡೆ. ನನ್ನ ನೂರ ಹದಿಮೂರನೆಯ ಗೆಲುವು. ಚಪ್ಪಾಳೆಗೆ ಕಾಯುತ್ತಿದ್ದೆ.

"ಇಲ್ಲ," ಎಂದಳು ಸೊಸೆ.

ಪೆನ್ನು ಇನ್ನೂ ಅವಳ ಕೈಯಲ್ಲೇ ಇತ್ತು.

"ಏನಮ್ಮಾ ಇಲ್ಲ?"

"ಅತ್ತೆ ದಿನಾ ಹಾಗೇ ಒತ್ತೋರು. ಐದು ತಿಂಗಳಿಂದ." ಅವಳು ಅತ್ತೆಯ ಕಡೆ ನೋಡಲಿಲ್ಲ. "ನಾನು ಕೂತ ತಕ್ಷಣ ಮೊದಲು ಅದನ್ನ ಸರಿ ಮಾಡ್ತಿದ್ದೆ. ಗೆರೆ ಪೂರ್ತಿ ಅಳಿಸಿ ಹೊಸದಾಗಿ ಒತ್ತಿ, ಬಲಕ್ಕೆ ಬಂತಾ ಅಂತ ನೋಡಿ, ಆಮೇಲೆ ಕೆಲಸ ಶುರು."

"ದಿನಾನಾ?" ಟೈಪಿಸ್ಟಮ್ಮನ ದನಿ ಒಡೆಯಿತು. "ಒಂದಿನಾನೂ ಹೇಳಲಿಲ್ವಲ್ಲೇ!"

"ಏನಂತ ಹೇಳಲಿ ಅತ್ತೆ? ನಿಮ್ಮ ಒಂದು ಪುಟಾನೂ ವಾಪಸ್ ಬಂದಿಲ್ಲ ಅಂತ ನೀವು ಎಲ್ಲರಿಗೂ ಹೇಳ್ತಾ ಇರ್ತೀರಿ. ಅಲ್ಲದೆ, ಹೇಳಿದ್ರೆ ಮಾವನ ಕಣ್ಣಿನ ವಿಷಯಾನೂ ಹೇಳಬೇಕಾಗ್ತಿತ್ತು. ಇವರು ಆವತ್ತೇ ದುಡ್ಡು ವಾಪಸ್ ಕೇಳ್ತಿದ್ರು."

ಕರಡು ತಿದ್ದಿದವನ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲ. ತಪ್ಪು ಉಳಿದರೆ ಮಾತ್ರ ಅವನನ್ನು ಹುಡುಕಿಕೊಂಡು ಬರುತ್ತಾರೆ. ಅದು ನನಗೆ ಗೊತ್ತಿದ್ದಷ್ಟು ಭೂಮಿಯ ಮೇಲೆ ಇನ್ನಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಐದು ತಿಂಗಳು ಒಂದು ಮಾತೂ ಆಡದೆ ಅತ್ತೆಯ ತಪ್ಪು ತಿದ್ದಿದ ಈ ಹುಡುಗಿಯ ಎದುರು ನಾನು ಮೊದಲ ಸಲ, ಜೀವನದಲ್ಲೇ ಮೊದಲ ಸಲ, ಸ್ವಲ್ಪ ಚಿಕ್ಕವನಾದೆ. ಒಂದು ಅಂಗುಲದಷ್ಟು.

"ಹಾಗಿದ್ರೆ ಗುರುವಾರ ಯಾಕೆ ಸರಿ ಮಾಡಲಿಲ್ಲ?" ಔಷಧಿ ಅಂಗಡಿಯವರು ಕೇಳಿದರು. "ದಿನಾ ತಿದ್ದಿದೋಳು ಅವತ್ತೊಂದಿನ ಬೇಕಂತಲೇ ಬಿಟ್ಟಿದೀಯ. ಇದು ಇನ್ನೂ ಕೆಟ್ಟದ್ದು!"

"ಗುರುವಾರಾನೂ ಸರಿ ಮಾಡಿದ್ದೆ."

"ಸುಳ್ಳು!"

"ಸರಿ ಮಾಡಿದ್ದೆ. ಬಲಕ್ಕೆ ಬಂತು, ನೋಡಿದೀನಿ." ಅವಳ ದನಿ ಏರಲಿಲ್ಲ. "ಹನ್ನೊಂದಕ್ಕೆ ಕೊರಿಯರ್ ಬಂತು, ಸಹಿ ಮಾಡೋಕೆ ಕೆಳಗೆ ಹೋದೆ. ಕೆಲಸದ ಆರ್ಡರು. ಮೆಟ್ಟಿಲ ಮೇಲೇ ಕೂತು ಮೂರು ಸಲ ಓದಿದೆ. ಒಂದು ಹತ್ತು ನಿಮಿಷ ಆಗಿರಬೇಕು. ವಾಪಸ್ ಬಂದ ಮೇಲೆ ಗೆರೆ ಕಡೆ ನೋಡಲಿಲ್ಲ. ಒಂದ್ಸಲ ಸರಿ ಮಾಡಿದ್ದನ್ನ ಮತ್ತೆ ಯಾರು ನೋಡ್ತಾರೆ?"

"ಇದನ್ನ ನಂಬಬೇಕಾ ನಾವು?"

ಅವಳು ನನ್ನ ಕಡೆ ತಿರುಗಿದಳು. ಅಷ್ಟು ಹೊತ್ತಿನಲ್ಲಿ ಮೊದಲ ಬಾರಿ. ಗಡಿಯಾರದಲ್ಲಿ ನಾಲ್ಕಕ್ಕೆ ಐದು ನಿಮಿಷ.

ನಂಬಲು ನನಗೆ ಆಸೆಯಿತ್ತು. ಆಸೆ ಸಾಕ್ಷಿಯಾಗುವುದಿಲ್ಲ. ನಾನು ತೆರೆಯ ಕಡೆ ತಿರುಗಿದೆ. ಮೇಲೆ ಗುರುವಾರದ ಗೆರೆ, ಕೆಳಗೆ ಟೈಪಿಸ್ಟಮ್ಮ ಈಗತಾನೇ ಒತ್ತಿದ ಅದೇ ಅಂಕಿ. ಎರಡೂ ಎಡಕ್ಕೆ ಒರಗಿವೆ. ಎರಡರ ಮೊದಲಲ್ಲೂ ಅದೇ ಬೋಳು ಕಡ್ಡಿ.

ನಮ್ಮ ಕಸುಬಿನಲ್ಲಿ ಒಂದು ಮಾತಿದೆ. ತಪ್ಪು ಅಡಗಿಕೊಳ್ಳಲು ಅತ್ಯಂತ ಒಳ್ಳೆಯ ಜಾಗ ಇನ್ನೊಂದು ತಪ್ಪಿನ ಪಕ್ಕ. ಒಂದು ಸಿಕ್ಕ ಖುಷಿಯಲ್ಲಿ ಕಣ್ಣು ಮುಂದಿನ ಸಾಲಿಗೆ ಹಾರಿಬಿಡುತ್ತದೆ. ಹೊಸಬರಿಗೆ ಈ ಮಾತು ಹೇಳಿ ಹೇಳಿ ನನ್ನ ನಾಲಿಗೆ ಸವೆದಿತ್ತು. ಕಡ್ಡಿ ಸಿಕ್ಕ ಖುಷಿಯಲ್ಲಿ ನಾನೇ ಎರಡು ದಿನ ಮುಂದಿನ ಸಾಲಿಗೆ ಹಾರಿದ್ದೆ!

ಕಡ್ಡಿಯ ಪಕ್ಕದ ಸೊನ್ನೆಯನ್ನು ನೋಡಿದೆ. ಮೇಲೆ. ಕೆಳಗೆ. ಮತ್ತೆ ಮೇಲೆ.

ನನ್ನ ಹಣೆಯಲ್ಲಿ ಬೆವರೊಡೆಯಿತು. ಲೋಟಗಟ್ಟಲೆ. ಇದು ಮಾತ್ರ ಉತ್ಪ್ರೇಕ್ಷೆಯಲ್ಲ.

"ಅಮ್ಮಾ, ಗುರುವಾರ ಹನ್ನೊಂದಕ್ಕೆ ನೀವೆಲ್ಲಿದ್ರಿ?"

"ಹಲ್ಲಿನ ಡಾಕ್ಟರ ಹತ್ತಿರ. ಹತ್ತಕ್ಕೇ ಹೋಗಿದ್ದೆ. ಬಂದಿದ್ದು ಒಂದೂವರೆಗೆ."

"ಆಗ ಮನೇಲಿ ಯಾರಿದ್ರು?"

"ನಾನಿದ್ದೆ," ಎಂದ ಮಗ. "ರಜ ಹಾಕಿದ್ದೆ."

"ನಾನೂ ಹತ್ತೂವರೆಗೆ ಬಂದಿದ್ದೆ," ಎಂದರು ಔಷಧಿ ಅಂಗಡಿಯವರು. "ಏನೀಗ? ನನ್ನ ದುಡ್ಡು ನಾನೇ ಮುಳುಗಿಸ್ಕೊಂಡೆ ಅಂತೀರಾ?"

ಮೂರನೆಯವರು ಕಿಟಕಿಯ ಬಳಿ ಕುಳಿತಿದ್ದರು.

ಮೂವರು. ಮಗನಿಗೆ ಈ ವ್ಯಾಪಾರ ನಿಂತರೆ ಸಾಕಿತ್ತು. ಔಷಧಿ ಅಂಗಡಿಯವರ ಮುಕ್ಕಾಲು ಪಾಲು ಹೋದದ್ದು ನಿಜ. ಆದರೆ ಸೊಸೆಯ ಸಹಿಗಾಗಿ ಅವರಿಗಿಷ್ಟು ಆತುರ ಏಕೆಂದು ನಾನು ಮೊದಲ ದಿನದಿಂದಲೂ ಯೋಚಿಸುತ್ತಿದ್ದೆ. ಸೊಸೆ ಕೆಲಸಕ್ಕೆ ಹೋದರೆ ಮೇಷ್ಟ್ರ ಹಾಳೆಯ ಮುಂದೆ ಕೂರುವವರಿಲ್ಲ, ಆದರೆ ಮೇಷ್ಟ್ರಿಗೆ ಕಣ್ಣೇ ಇರಲಿಲ್ಲ.

ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿತ್ತು. ಸೊಸೆ ಸರಿಪಡಿಸಿದ ಅಂಕಿಯನ್ನು ಅಳಿಸಿ, ಅತ್ತೆಯದೇ ತಪ್ಪೆನಿಸುವಂತೆ ಯಾರೋ ತಪ್ಪನ್ನು ನಕಲು ಮಾಡಿದ್ದರು. ಸಹಿಯನ್ನು ನಕಲು ಮಾಡಿದವರನ್ನು ಕಂಡಿದ್ದೇನೆ, ತಪ್ಪನ್ನು ನಕಲು ಮಾಡಿದವರನ್ನು ಕಂಡಿರಲಿಲ್ಲ. ಹಾಗೆ ಮಾಡಬೇಕಾದರೆ ಹಳೇ ಟೈಪಿಸ್ಟುಗಳ ಆ ಅಭ್ಯಾಸ ಗೊತ್ತಿರಬೇಕು. ಆದರೆ ಪೂರ್ತಿ ಗೊತ್ತಿರಬಾರದು. ಅರ್ಧ ಮಾತ್ರ.

ಅರ್ಧ.

ಹೋದ ತಿಂಗಳು, ಇದೇ ಕೋಣೆ, ಪೇಟೆ ಮುಚ್ಚಿದ ಮೇಲಿನ ಕಾಫಿ. ಟೈಪಿಸ್ಟಮ್ಮ ಅಡುಗೆಮನೆಯಲ್ಲಿದ್ದರು, ಸೊಸೆ ಕೆಲಸದ ಸಂದರ್ಶನಕ್ಕೆ ಹೋಗಿದ್ದಳು. ನಾನು ಇದೇ ಮೂವರ ಮುಂದೆ ಜಂಬ ಕೊಚ್ಚುತ್ತಿದ್ದೆ: ‘ಟೈಪ್ ಮಾಡಿದ ಹಳೇ ಕಾಗದ ಕೊಡಿ, ಒಂದಕ್ಕೆ ಯಾವ ಕೀಲಿ ಒತ್ತಿದ್ದಾರೆ ಅಂತ ಹತ್ತು ಗಜ ದೂರದಿಂದ ಹೇಳ್ತೀನಿ. ಒಂದಕ್ಕೆ ಎಲ್ ಒತ್ತೋರು ಸ್ವಾಮೀ! ಇನ್ನು ಸೊನ್ನೆಗೆ...’ ಆಗ ಕರೆಂಟ್ ಹೋಯಿತು. ಕತ್ತಲಲ್ಲಿ ನನ್ನ ಕಾಫಿ ನನ್ನ ಮಡಿಲಿಗೇ ಚೆಲ್ಲಿ, ಕಥೆ ಅಲ್ಲಿಗೇ ನಿಂತಿತು.

ಆ ತಪ್ಪನ್ನು ಕಲಿಸಿದ ಮೇಷ್ಟ್ರು ನಾನೇ.

"ಭೂತಗನ್ನಡಿಯವರೇ, ನಾಲ್ಕು ಹೊಡೀತಿದೆ," ಎಂದರು ಔಷಧಿ ಅಂಗಡಿಯವರು. "ಸಹಿ ಹಾಕಿಸಲಾ?"

ಸುಮ್ಮನಿದ್ದುಬಿಡಬಹುದಿತ್ತು. ಕೈತಪ್ಪು ಎಂದು ಟೈಪಿಸ್ಟಮ್ಮನ ತಲೆಗೆ ಕಟ್ಟಿ, ನನ್ನ ಹೆಸರು ಉಳಿಸಿಕೊಂಡು ಮನೆಗೆ ಹೋಗಬಹುದಿತ್ತು. ಸೊಸೆ ಇನ್ನೂ ನನ್ನನ್ನೇ ನೋಡುತ್ತಿದ್ದಳು. ಐದು ತಿಂಗಳು ಇನ್ನೊಬ್ಬರ ತಪ್ಪು ತಿದ್ದಿದ ಕಣ್ಣು ಅದು.

"ಬೇಡ. ಅವತ್ತಿನ ಅರ್ಧ ಕಥೆ ಮುಗಿಸ್ತೀನಿ, ಕೇಳಿ." ನನ್ನ ದನಿ ನನಗೇ ಗುರುತು ಸಿಗಲಿಲ್ಲ, ಅಷ್ಟು ಸಣ್ಣಗಿತ್ತು. "ಒಂದಕ್ಕೆ ಎಲ್ ಒತ್ತೋರು ಅಂತ ಹೇಳಿದ್ದೆ. ಆ ಮಷೀನುಗಳಲ್ಲಿ ಸೊನ್ನೆಗೂ ಕೀಲಿ ಇರಲಿಲ್ಲ. ಸೊನ್ನೆ ಬೇಕಾದಾಗ ಅವರು ಅಕ್ಷರ ಓ ಒತ್ತೋರು. ಟೈಪಿಸ್ಟಮ್ಮ ಈಗ ಅದನ್ನೇ ಒತ್ತಿದಾರೆ, ಯಾವತ್ತೂ ಅದನ್ನೇ ಒತ್ತುತ್ತಾರೆ."

"ಹೌದು," ಎಂದರು ಟೈಪಿಸ್ಟಮ್ಮ. "ಬೇರೆ ಒತ್ತೋಕೆ ನನ್ನ ಬೆರಳಿಗೆ ಬರಲ್ಲ."

"ಗುರುವಾರದ ಸೊನ್ನೆ ನೋಡಿ. ಅದು ಅಮ್ಮ ಒತ್ತಿದ್ದಲ್ಲ. ನನ್ನ ಅರ್ಧ ಕಥೆ ಕೇಳಿದ ಮೂವರಲ್ಲಿ ಯಾರೋ ಒಬ್ಬರು ಒತ್ತಿದ್ದು."

ಮಗ ತೆರೆಯ ಮೇಲೆ ಬಗ್ಗಿದ. ಔಷಧಿ ಅಂಗಡಿಯವರು ಕನ್ನಡಕ ಮೂಗಿನ ತುದಿಗೆ ಇಳಿಸಿ ಅವನ ಪಕ್ಕ ಬಗ್ಗಿದರು. ನಾನು ತೆರೆಯನ್ನು ನೋಡಲಿಲ್ಲ, ಇವರನ್ನು ನೋಡುತ್ತಿದ್ದೆ. ಗೊತ್ತಿದ್ದವನು ಹುಡುಕುವ ರೀತಿಯೇ ಬೇರೆ, ಗೊತ್ತಿಲ್ಲದವನು ಹುಡುಕುವ ರೀತಿಯೇ ಬೇರೆ. ಇಬ್ಬರೂ ಪರೀಕ್ಷೆಗೆ ಓದದೆ ಬಂದ ಹುಡುಗರಂತೆ ಕಣ್ಣು ಕಿರಿದು ಮಾಡಿ ಹುಡುಕುತ್ತಿದ್ದರು.

"ಮೇಲಿರೋದೂ ಸೊನ್ನೆ, ಕೆಳಗಿರೋದೂ ಸೊನ್ನೆ," ಔಷಧಿ ಅಂಗಡಿಯವರು ಗೊಣಗಿದರು. "ಎರಡೂ ಒಂದೇ ಥರ ಇವೆಯಲ್ರೀ. ಏನು ವ್ಯತ್ಯಾಸ?"

"ನನಗೂ ಕಾಣ್ತಿಲ್ಲ," ಎಂದ ಮಗ.

"ಮೇಲಿನದು ತೆಳ್ಳಗಿದೆ, ಕೆಳಗಿನದು ಗುಂಡಗಿದೆ. ಅಷ್ಟೂ ಕಾಣಲ್ವೇನಯ್ಯಾ ದಡ್ಡ?"

ಮಾತು ಬಂದದ್ದು ನನ್ನ ಬಾಯಿಂದಲ್ಲ.

ನಲವತ್ತು ವರ್ಷ ದಡ್ಡ ಹುಡುಗರಿಗೆ ಕರಿಹಲಗೆ ತೋರಿಸಿದ ದನಿ ಅದು. ಎದುರಿಗಿದ್ದವನು ತಪ್ಪು ಹೇಳಿದರೆ ತಡೆದುಕೊಳ್ಳಲು ಬಾರದ ದನಿ. ಬಂದದ್ದು ಕಿಟಕಿಯ ಬಳಿಯ ಬೆತ್ತದ ಕುರ್ಚಿಯಿಂದ, ತೆರೆಗೆ ಪೂರಾ ಆರಡಿ ದೂರದಿಂದ.

ಸೊಸೆ ಪೆನ್ನಿನ ಮುಚ್ಚಳ ಹಾಕಿದಳು. ಆ ಟಕ್ಕೆನ್ನುವ ಸದ್ದು ಇಡೀ ಕೋಣೆಗೆ ಕೇಳಿಸಿತು.

ಐದು ತಿಂಗಳಿಂದ ಪತ್ರಿಕೆ ಓದಿ ಹೇಳಿದವರು, ಎಡಗಾಲಿನ ಚಪ್ಪಲಿ ಯಾವುದು ಬಲಗಾಲಿನದು ಯಾವುದು ಎಂದು ಬಗ್ಗಿ ಜೋಡಿಸಿಟ್ಟವರು, ಕುರ್ಚಿಯಿಂದ ಮೆಲ್ಲಗೆ ಎದ್ದು ಗಂಡನ ಎದುರು ಬಂದು ನಿಂತರು.

"ರೀ," ಎಂದರು ಟೈಪಿಸ್ಟಮ್ಮ. "ಯಾವತ್ತಿಂದ ಕಾಣ್ತಿದೆ ನಿಮಗೆ?"

ಮೇಷ್ಟ್ರು ನೀರಿನ ಲೋಟಕ್ಕೆ ಕೈ ಚಾಚಿದರು. ಈ ಸಲ ಮೇಜನ್ನು ತಡವಲಿಲ್ಲ.